ದೊಡ್ಡಸ್ವಾಮಿಯವರ ಎರಡು ಲೆಕ್ಕ

ಅರಸೀಕೆರೆಯ ಈಶ್ವರ ದೇವಾಲಯವನ್ನು ಒಮ್ಮೆ ನೋಡಿದವರು ಅದರ ನಕ್ಷತ್ರಾಕಾರದ ಮುಖಮಂಟಪವನ್ನು ಮರೆಯುವುದಿಲ್ಲ. ಹೊಯ್ಸಳರ ಕಾಲದ, 13ನೆಯ ಶತಮಾನದ ಗುಡಿ ಅದು. ಅದೇ ಊರಿನಲ್ಲಿ ಅದೇ ಶತಮಾನದ ಸಹಸ್ರಕೂಟ ಜಿನಾಲಯವೂ ಇದೆ. ಶಿವನನ್ನು ಪೂಜಿಸುವವರು ಒಂದು ಕಡೆ, ಜಿನನನ್ನು ಪೂಜಿಸುವವರು ಇನ್ನೊಂದು ಕಡೆ. ನಡುವೆ ಇದ್ದದ್ದು ಒಂದೇ ಊರು, ಒಂದೇ ಕೆರೆ.

ಅಲ್ಲಿಂದ ಹಳೇಬೀಡಿಗೂ ಬೇಲೂರಿಗೂ ಹೋದರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆನಿಸಿದನೆಂಬುದು ಪ್ರತೀತಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಅವನ ಕಾಲದಲ್ಲಿ, 1117ರಲ್ಲಿ ಆಯಿತು. ಆದರೆ ಅವನ ಪಟ್ಟದ ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. ಶ್ರವಣಬೆಳಗೊಳದಲ್ಲಿ ಬಸದಿಯನ್ನೂ ಕಟ್ಟಿಸಿದಳು. ಅವಳ ತಂದೆ ಶೈವ, ತಾಯಿ ಜೈನಳು. ಒಂದೇ ಮನೆಯಲ್ಲಿ ಎರಡು ಮೂರು ನಂಬಿಕೆಗಳಿದ್ದವು.

ಹಾಗಾಗಿ ಮತ ಬದಲಾಯಿಸುವುದೆಂಬುದು ಈ ಸೀಮೆಗೆ ಹೊಸದೇನೂ ಅಲ್ಲ. ಆದರೂ ಪಕ್ಕದ ಮನೆಯವರು ಕ್ರೈಸ್ತರಾದರು ಎಂಬ ಸುದ್ದಿ ಬಂದರೆ ಇಂದಿಗೂ ಊರಿನಲ್ಲಿ ಗುಸುಗುಸು ಏಳುತ್ತದೆ. ಏನು ಕೊಟ್ಟರಂತೆ? ಯಾರು ಕರೆದುಕೊಂಡು ಹೋದರಂತೆ? ಹೆಸರು ಬದಲಾಯಿಸಿದರಂತೆಯೆ? ಈ ಪ್ರಶ್ನೆಗಳ ಗಲಾಟೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಉಳಿದೇ ಹೋಗುತ್ತದೆ. ಕ್ರೈಸ್ತನಾಗುವುದೆಂದರೆ ಏನು? ಕ್ರೈಸ್ತನಾಗಿ ಬಾಳುವುದೆಂದರೆ ಏನು?

ಹಾಸನ ಸೀಮೆಯಲ್ಲೇ ಬದುಕಿ ಕೆಲಸ ಮಾಡಿದ ಒಬ್ಬ ಪಾದ್ರಿ ಇದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರು. ಉತ್ತರ ಸಿಗದೆ ನೊಂದು ಊರಿಗೆ ಮರಳಿದರು. ಅವರ ಕಥೆಯನ್ನು ತಿಳಿಯುವ ಮುನ್ನ ಕ್ರೈಸ್ತರು ತಮ್ಮ ಮತದ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಸ್ವಲ್ಪ ನೋಡಬೇಕು.

ತಲೆಯ ಮೇಲಿನ ನೀರು

ಹೊರಗಿನವರಿಗೆ ಕಾಣುವ ಗುರುತು ನೀರು. ಕಥೋಲಿಕರು ಇದನ್ನು ಜ್ಞಾನಸ್ನಾನ ಎನ್ನುತ್ತಾರೆ, ಪ್ರಾಟೆಸ್ಟೆಂಟರು ದೀಕ್ಷಾಸ್ನಾನ ಎನ್ನುತ್ತಾರೆ. ತಂದೆ, ಮಗ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ನೀರು ಸುರಿಯುತ್ತಾರೆ. ಕೆಲವು ಸಭೆಗಳಲ್ಲಿ ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಹಳೆಯ ಬಾಳು ಮುಳುಗಿತು, ಹೊಸ ಬಾಳು ಎದ್ದಿತು ಎಂಬುದು ಅದರ ಅರ್ಥ.

ಕ್ರೈಸ್ತ ಮನೆಯಲ್ಲಿ ಹುಟ್ಟಿದ ಕೂಸಿಗೆ ಎಳವೆಯಲ್ಲೇ ಈ ಸ್ನಾನ ಮಾಡಿಸುವ ಪದ್ಧತಿ ಕಥೋಲಿಕರಲ್ಲೂ ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲೂ ಇದೆ. ಮಗು ಮಾತಾಡಲಾರದು, ಅದರ ಪರವಾಗಿ ಹೆತ್ತವರೂ ಜ್ಞಾನತಂದೆ, ಜ್ಞಾನತಾಯಿ ಎಂದು ಕರೆಸಿಕೊಳ್ಳುವ ಹಿರಿಯರೂ ಮಾತು ಕೊಡುತ್ತಾರೆ. ಮಗು ಬೆಳೆದ ಮೇಲೆ ಆ ಮಾತನ್ನು ತಾನೇ ಒಪ್ಪಿಕೊಳ್ಳಬೇಕು. ಅದಕ್ಕೆ ದೃಢೀಕರಣ ಎಂಬ ಮತ್ತೊಂದು ಸಂಸ್ಕಾರವಿದೆ. ಇನ್ನು ಬ್ಯಾಪ್ಟಿಸ್ಟರಂಥ ಕೆಲವರು ಕೂಸುಗಳಿಗೆ ದೀಕ್ಷೆಯನ್ನೇ ಕೊಡುವುದಿಲ್ಲ. ತಿಳಿವಳಿಕೆ ಬಂದವನು ತಾನಾಗಿ ಕೇಳಬೇಕು ಎಂಬುದು ಅವರ ವಾದ.

ಬೇರೆ ಮತದಲ್ಲಿ ಹುಟ್ಟಿ ಬೆಳೆದವರು ಬಂದರೆ? ಬಂದ ದಿನವೇ ನೀರು ಸುರಿದು ಕಳಿಸುವ ಹಾಗಿಲ್ಲ. ಕಥೋಲಿಕ ಸಭೆಯ ನಿಯಮದಂತೆ ಅವರಿಗೆ ಒಂದು ಕಲಿಕೆಯ ಕಾಲವಿರುತ್ತದೆ. ಪ್ರಾರ್ಥನೆ, ಬೋಧನೆ, ನಡತೆ ಎಲ್ಲವನ್ನೂ ತಿಳಿದು, ತಮ್ಮನ್ನು ತಾವೇ ಪರೀಕ್ಷಿಸಿಕೊಂಡ ಮೇಲೆ, ಸಾಮಾನ್ಯವಾಗಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಜ್ಞಾನಸ್ನಾನ ಆಗುತ್ತದೆ. ವಯಸ್ಕನಾದವನು ತನ್ನ ಸ್ವಂತ ಇಚ್ಛೆಯನ್ನು ತಾನೇ ತಿಳಿಸಬೇಕೆಂದು ಸಭೆಯ ಕಾನೂನೇ ಹೇಳುತ್ತದೆ. ಮನಸ್ಸಿಲ್ಲದವನ ತಲೆಯ ಮೇಲೆ ಬಿದ್ದ ನೀರು ಬರೀ ನೀರು.

ನಂಬಿಕೆಯ ತಿರುಳೇನು? ದೇವರು ಮನುಷ್ಯರನ್ನು ಪ್ರೀತಿಸಿ ಯೇಸುವಾಗಿ ಬಂದನು. ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದನು. ಪಾಪಕ್ಕೆ ಕ್ಷಮೆ ಎಂಬುದು ಮನುಷ್ಯ ದುಡಿದು ಗಳಿಸುವ ಕೂಲಿಯಲ್ಲ, ದೇವರು ಕೊಡುವ ದಾನ ಎಂಬುದು ಕ್ರೈಸ್ತರ ನಂಬಿಕೆ. ದಾನ ಪಡೆದವನು ಹೇಗೆ ಬಾಳಬೇಕು? ದೇವರನ್ನು ಪ್ರೀತಿಸಬೇಕು, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕು. ಉಳಿದ ಎಲ್ಲ ಕಟ್ಟಳೆಗಳೂ ಈ ಎರಡಕ್ಕೆ ಅಂಟಿಕೊಂಡಿವೆ.

ನೆರೆಯವನು ಯಾರು ಎಂದು ಕೇಳಿದ ಒಬ್ಬ ಪಂಡಿತನಿಗೆ ಯೇಸು ಒಂದು ಕಥೆ ಹೇಳಿದನೆಂದು ಬೈಬಲ್ಲಿನಲ್ಲಿದೆ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಅವನ ಮತದ ಪುರೋಹಿತ ನೋಡಿಯೂ ನೋಡದಂತೆ ಹೋಗುತ್ತಾನೆ. ಸಮಾಜ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ಗಾಯಕ್ಕೆ ಎಣ್ಣೆ ಹಚ್ಚಿ, ತನ್ನ ಕತ್ತೆಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು ಖರ್ಚಿಗೂ ಕೊಡುತ್ತಾನೆ. ಕಥೆಯ ಹೊಡೆತ ಎಲ್ಲಿದೆ ನೋಡಿ: ದೇವರ ಮಾತನ್ನು ನಡೆಸಿದವನು ಕೇಳುಗರ ಮತದವನೇ ಅಲ್ಲ.

ಹೆಸರು, ಊಟ, ಉಡುಪು

ಕ್ರೈಸ್ತನಾದವನು ತನ್ನ ಹೆಸರು, ಊಟ, ಉಡುಪು ಎಲ್ಲವನ್ನೂ ಬಿಡಬೇಕೆ? ಈ ಪ್ರಶ್ನೆ ಕ್ರೈಸ್ತಮತದಷ್ಟೇ ಹಳೆಯದು. ಮೊದಲ ಕ್ರೈಸ್ತರೆಲ್ಲ ಯೆಹೂದ್ಯರು. ಯೆಹೂದ್ಯರಲ್ಲದ ಜನ ಬರತೊಡಗಿದಾಗ, ಇವರು ಮೊದಲು ಯೆಹೂದ್ಯರಂತೆ ಸುನ್ನತಿ ಮಾಡಿಸಿಕೊಳ್ಳಬೇಕೆ ಎಂಬ ಜಗಳ ಎದ್ದಿತು. ಕ್ರಿ.ಶ. 50ರ ಸುಮಾರಿಗೆ ಜೆರೂಸಲೇಮಿನಲ್ಲಿ ಹಿರಿಯರು ಸಭೆ ಸೇರಿ ಚರ್ಚಿಸಿ, ಬೇಕಿಲ್ಲ ಎಂದು ತೀರ್ಮಾನಿಸಿದರು. ಅಂದರೆ ಕ್ರಿಸ್ತನನ್ನು ನಂಬಲು ಇನ್ನೊಂದು ಜನಾಂಗದವನಾಗಬೇಕಿಲ್ಲ ಎಂದಾಯಿತು.

ಮೈಸೂರು ಸೀಮೆಗೆ ಬಂದ ಹಳೆಯ ಪಾದ್ರಿಗಳಲ್ಲಿ ಕೆಲವರು ಈ ಪಾಠವನ್ನು ಕಲಿತಿದ್ದರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಎಂಬ ಇಟಲಿಯ ಪಾದ್ರಿ ಸನ್ಯಾಸಿಯಂತೆ ಕಾವಿ ಉಟ್ಟು, ಮಾಂಸ ಬಿಟ್ಟು ಬದುಕಿದ್ದರು. ಅದೇ ದಾರಿ ಹಿಡಿದ ಲಿಯೊನಾರ್ಡೊ ಚಿನ್ನಮಿ 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದರು.

ಹಳ್ಳಿಯ ಕ್ರೈಸ್ತರ ಹಳೆಯ ಹೆಸರುಗಳನ್ನು ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರಾಯಪ್ಪ ಎಂದರೆ ಸಂತ ಪೀಟರ್. ಚಿನ್ನಪ್ಪ ಎಂದರೆ ಸಂತ ಪೌಲ. ಲ್ಯಾಟಿನ್ನಿನಲ್ಲಿ ಪೌಲ ಎಂದರೆ ಚಿಕ್ಕವನು, ತಮಿಳಿನ ‘ಚಿನ್ನ’ಕ್ಕೂ ಅದೇ ಅರ್ಥ. ಅರುಳಪ್ಪ ಎಂದರೆ ಜಾನ್. ಇನ್ನಾಸಪ್ಪ ಇಗ್ನೇಷಿಯಸ್. ಚೌರಪ್ಪ ಬೇರೆ ಯಾರೂ ಅಲ್ಲ, ಫ್ರಾನ್ಸಿಸ್ ಕ್ಸೇವಿಯರ್! ತರಗತಿಯ ಹಾಜರಿ ಪುಸ್ತಕದಲ್ಲಿ ಚಿನ್ನಪ್ಪ ಎಂಬ ಹೆಸರು ಕಂಡರೆ ಅವನು ಯಾವ ಮತದವನೆಂದು ಮೇಷ್ಟರಿಗೂ ಗೊತ್ತಾಗುವುದಿಲ್ಲ. ಒಂದು ದೃಷ್ಟಿಯಿಂದ ಅದು ಒಳ್ಳೆಯದೇ.

ಪೂಜೆಯ ಭಾಷೆ ಮಾತ್ರ ಬಹುಕಾಲ ಲ್ಯಾಟಿನ್ ಆಗಿಯೇ ಇತ್ತು. ಬೈಬಲ್ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾದದ್ದು ಬಳ್ಳಾರಿಯ ಪ್ರಾಟೆಸ್ಟೆಂಟ್ ಮಿಷನರಿಗಳ ಶ್ರಮದಿಂದ, 1831ರಲ್ಲಿ. ಕಥೋಲಿಕರ ಬಲಿಪೂಜೆ ಆಯಾ ನಾಡಿನ ಮಾತಿಗೆ ಬಂದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ.

ದೊಡ್ಡಸ್ವಾಮಿ ಬಂದರು

ಈಗ ಮೊದಲು ಹೇಳಿದ ಪಾದ್ರಿಯ ಕಥೆಗೆ ಬರಬಹುದು. ಅವರ ಹೆಸರು ಅಬ್ಬೆ ದುಬೊವಾ. ಫ್ರಾನ್ಸಿನವರು. ಅಲ್ಲಿ ಕ್ರಾಂತಿಯ ಗಲಭೆ ನಡೆಯುತ್ತಿದ್ದಾಗ, 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ಅವರ ಹೆಗಲಿಗೆ ಬಿತ್ತು. ಇಲ್ಲಿನವರಂತೆ ನಿಲುವಂಗಿ ತೊಟ್ಟು, ರುಮಾಲು ಸುತ್ತಿ, ಮಾಂಸ ಬಿಟ್ಟು, ಮೂವತ್ತು ವರ್ಷ ಈ ಜನರ ನಡುವೆ ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಇಲ್ಲಿನ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ಇಂದಿನವರು ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಆದರೂ ಆ ಕಾಲದ ದಕ್ಷಿಣದ ಜನಜೀವನವನ್ನು ತಿಳಿಯಲು ವಿದ್ವಾಂಸರು ಇನ್ನೂ ಅದನ್ನು ತೆರೆದು ನೋಡುತ್ತಾರೆ.

ಅವರು ಬಂದಾಗ ಮೊದಲು ಎದುರಾದದ್ದು ಬಲವಂತದ ಸಮಸ್ಯೆ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಲಾಗಿತ್ತು. ಹಲವರನ್ನು ಬಲವಂತವಾಗಿ ಮತಾಂತರಿಸಲಾಗಿತ್ತು. ಒತ್ತಾಯ ಕಳಚಿದ ಕೂಡಲೇ ಅವರಲ್ಲಿ ಅನೇಕರು ಹಳೆಯ ನಂಬಿಕೆಗೆ ಮರಳಿದರು. ಕತ್ತಿ ಹಿಡಿದು ಬದಲಾಯಿಸಿದ್ದು ಹದಿನೈದು ವರ್ಷವಾದರೂ ಒಳಗೆ ಇಳಿದಿರಲಿಲ್ಲ. ಯಾವ ಮತದವರು ಬಲವಂತ ಮಾಡಿದರೂ ಫಲ ಇಷ್ಟೇ. ಯೂರೋಪಿನ ಕ್ರೈಸ್ತ ದೊರೆಗಳೇ ಹಿಂದೆ ಯೆಹೂದ್ಯರ ಮೇಲೂ ಮುಸಲ್ಮಾನರ ಮೇಲೂ ಇಂಥ ಬಲವಂತ ನಡೆಸಿದ್ದರು ಎಂಬುದನ್ನೂ ಮರೆಯಬಾರದು.

ಎರಡನೆಯದು ಬಡತನ. ನೆಲೆಯಿಲ್ಲದ ಬಡ ಕ್ರೈಸ್ತರಿಗೆ ಉಪದೇಶಕ್ಕಿಂತ ಮೊದಲು ಉಳುವ ನೆಲ ಬೇಕೆಂಬುದು ದುಬೊವಾ ಅವರಿಗೆ ಅರ್ಥವಾಯಿತು. ಬೇಸಾಯದ ನೆಲೆಗಳನ್ನು ಕಟ್ಟಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರದ ಸತ್ತಿಹಳ್ಳಿ. ಪುಸ್ತಕಗಳಲ್ಲಿ ಸಾತಳ್ಳಿ ಎಂದೂ ಬರುವುದುಂಟು. ಅಲ್ಲಿಯ ಕ್ರೈಸ್ತರು ಸುತ್ತಲಿನ ಒಕ್ಕಲುಮಕ್ಕಳಂತೆಯೇ ನೇಗಿಲು ಹಿಡಿದರು, ಮಳೆಗೆ ಕಾದರು.

ಮೂರನೆಯದು ಸಿಡುಬು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಒಂದು ಪ್ರಯೋಗ ಮಾಡಿದ್ದ. ಹಸುವಿನ ಸಿಡುಬು ತಗುಲಿದ ಹಾಲು ಕರೆಯುವ ಹೆಣ್ಣುಮಗಳ ಕೈಗುಳ್ಳೆಯ ರಸವನ್ನು ಹುಡುಗನೊಬ್ಬನ ತೋಳಿಗೆ ಗೀರಿ ಸೇರಿಸಿದ. ಹುಡುಗನಿಗೆ ಮುಂದೆ ಮನುಷ್ಯರ ಸಿಡುಬು ತಗುಲಲಿಲ್ಲ. ಹಸುವಿನ ಸಿಡುಬಿನ ವೈರಸ್ಸು ಮನುಷ್ಯರ ಸಿಡುಬಿನ ವೈರಸ್ಸಿಗೆ ದಾಯಾದಿ. ಸೌಮ್ಯವಾದ ದಾಯಾದಿಯನ್ನು ಒಮ್ಮೆ ಎದುರಿಸಿ ಗೆದ್ದ ಶರೀರ ಉಗ್ರನನ್ನೂ ಗುರುತಿಸಿ ತಡೆಯುತ್ತದೆ.

ಈ ಔಷಧ ಭಾರತವನ್ನು ಮುಟ್ಟಿದ್ದು 1802ರಲ್ಲಿ. ಆಗ ಶೈತ್ಯಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಎಂಟನೆಯ ದಿನದ ಹೊತ್ತಿಗೆ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ಸರಪಳಿ ಎಲ್ಲಾದರೂ ತುಂಡಾದರೆ ಔಷಧವೇ ಮುಗಿದುಹೋಗುತ್ತದೆ. ಜನಕ್ಕೆ ಭಯ. ಅಮ್ಮನ ಕೋಪ ಎಂದು ನಂಬಿದ ರೋಗಕ್ಕೆ ಪರದೇಶದ ಮದ್ದೇ? ದುಬೊವಾ ಮೈಸೂರು ಸೀಮೆಯಲ್ಲಿ ಊರೂರು ತಿರುಗಿ, ಮಾತಾಡಿ ಒಪ್ಪಿಸಿ ದೇವಿ ಹಾಕಿಸಿದರು. 1803-04ರ ಸುಮಾರಿನಲ್ಲೇ 25 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ಪಟ್ಟಿಗೆ ಸೇರಿತೆಂದು ದಾಖಲೆ ಹೇಳುತ್ತದೆ. ಹಾಕಿಸಿಕೊಂಡವರಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ. ಅವರು ಕ್ರೈಸ್ತರಾಗಬೇಕೆಂಬ ಷರತ್ತೂ ಇರಲಿಲ್ಲ.

ಇದು ದೊಡ್ಡಸ್ವಾಮಿಯವರ ಮೊದಲ ಲೆಕ್ಕ.

ಎರಡನೆಯ ಲೆಕ್ಕ

ಎರಡನೆಯ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 1823ರಲ್ಲಿ ದುಬೊವಾ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕವೊಂದು ಅಚ್ಚಾಯಿತು. ಅದನ್ನು ಓದಿದ ಮಿಷನರಿಗಳು ಬೆಚ್ಚಿಬಿದ್ದರು. ಇಂದಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತಮತಕ್ಕೆ ತರುವುದು ಆಗದ ಮಾತು ಎಂದು ಅವರು ಬರೆದಿದ್ದರು. ಸುಮಾರು 25 ವರ್ಷ ದುಡಿದು, ಇಲ್ಲಿಯವರೇ ಆದ ಒಬ್ಬ ಪಾದ್ರಿಯ ನೆರವಿನಿಂದ, ತಾವು ಮತಕ್ಕೆ ತಂದದ್ದು ಇನ್ನೂರು ಮುನ್ನೂರು ಜನ ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು. ಉಳಿದವರಲ್ಲೂ ಅನೇಕರು ಜಾತಿಯಿಂದ ಹೊರಬಿದ್ದವರು ಎಂದು ಲೆಕ್ಕ ಕೊಟ್ಟರು. ಸ್ವಾರ್ಥವಿಲ್ಲದೆ, ಶುದ್ಧ ನಂಬಿಕೆಯಿಂದಲೇ ಬಂದವರು ಒಬ್ಬರೂ ತಮಗೆ ನೆನಪಾಗುವುದಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಂಡರು.

ತನ್ನ ಜೀವಮಾನದ ಕೆಲಸ ಸೋತಿತೆಂದು ಹೀಗೆ ಅಚ್ಚಿನಲ್ಲಿ ಹೇಳಲು ಎದೆಗಾರಿಕೆ ಬೇಕು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪಾದ್ರಿಗಳು ಮರುವರ್ಷವೇ ಪುಸ್ತಕ ಬರೆದು ಅವರ ಮಾತನ್ನು ಖಂಡಿಸಿದರು.

ಆದರೆ ದುಬೊವಾ ಅವರ ಎರಡನೆಯ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಹೊಲೆಯರು, ಭಿಕ್ಷುಕರು ಎಂದು ಅವರು ಬರೆದದ್ದು ಸೋಲಿನ ಪುರಾವೆಯಾಗಿ. ಆದರೆ ಯೇಸುವಿನ ಹಿಂದೆ ಹೋದವರು ಯಾರು? ಬೆಸ್ತರು, ಜನ ಶಪಿಸುತ್ತಿದ್ದ ಸುಂಕದವರು, ಊರಹೊರಗಿನ ಕುಷ್ಠರೋಗಿಗಳು. ಗುರು ಯಾರನ್ನು ಹುಡುಕಿಕೊಂಡು ಹೋಗಿದ್ದನೋ ಅವರು ಬಂದಾಗ ಶಿಷ್ಯ ಅವರನ್ನು ಲೆಕ್ಕದ ಕೆಳಗಿನ ಸಾಲಿಗೆ ಹಾಕಿಬಿಟ್ಟಿದ್ದ. ಮೂವತ್ತು ವರ್ಷ ಜಾತಿಯ ನಡುವೆ ಬಾಳಿದ ಪಾದ್ರಿಯ ಕಣ್ಣಿಗೂ ಜಾತಿಯ ಪೊರೆ ಬಂದಿತ್ತು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ದೇವಿ ಹಾಕಿದರೆ ತೋಳಿನ ಮೇಲೆ ಗುರುತು ಉಳಿಯುತ್ತದೆ, ಎಣಿಸಬಹುದು. ನಂಬಿಕೆ ಯಾರ ಎದೆಯಲ್ಲಿ ಎಷ್ಟು ಇಳಿಯಿತು ಎಂದು ಎಣಿಸುವುದು ಹೇಗೆ? ಹಸಿದು ಬಂದವನ ನಂಬಿಕೆ ಸುಳ್ಳೆಂದೂ ಉಂಡು ಬಂದವನ ನಂಬಿಕೆ ನಿಜವೆಂದೂ ಹೇಳುವವರಾರು? ಹಸಿವನ್ನೇ ಗಾಳವಾಗಿ ಬಳಸಿ ಮತಕ್ಕೆ ಎಳೆಯುವುದು ಖಂಡಿತವಾಗಿ ತಪ್ಪು. ಆದರೆ ಗಂಜಿಗೆಂದು ಬಂದವನು ಅಲ್ಲಿ ಮೊದಲ ಬಾರಿಗೆ ಮನುಷ್ಯನಂತೆ ಕಾಣಿಸಿಕೊಂಡು, ಆ ಕಾರಣದಿಂದಲೇ ನಂಬತೊಡಗಿದರೆ ಅದನ್ನು ಸ್ವಾರ್ಥ ಎನ್ನಲಾಗದು.

ಮುಳುಗಿದ ಗುಡಿ

ಎಣಿಕೆಗೆ ಸಿಗದೆ ಉಳಿದದ್ದಕ್ಕೆ ಸತ್ತಿಹಳ್ಳಿ ಸೀಮೆಯೇ ಸಾಕ್ಷಿ. ದೊಡ್ಡಸ್ವಾಮಿ ಹೋದರೂ ಜನ ಹೋಗಲಿಲ್ಲ. ಹಾಸನದ ಸುತ್ತಿನ ಹಳ್ಳಿಗಳಲ್ಲಿ ಕ್ರೈಸ್ತ ಒಕ್ಕಲು ಮನೆಗಳು ತಲೆಮಾರುಗಳಿಂದ ನಡೆದುಬಂದಿವೆ. 1860ರ ಸುಮಾರಿಗೆ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಎತ್ತರದ ಕಮಾನುಗಳ ದೊಡ್ಡ ಇಗರ್ಜಿಯನ್ನು ಕಟ್ಟಿದರು. ನೂರು ವರ್ಷಗಳ ಬಳಿಕ ಗೊರೂರಿನಲ್ಲಿ ಅಣೆಕಟ್ಟು ಎದ್ದಿತು. 1979ರಲ್ಲಿ ಅದು ಪೂರ್ತಿಯಾಗುವ ಹೊತ್ತಿಗೆ ಹಿನ್ನೀರಿನ ಊರುಗಳ ಜನ, ಯಾವ ಮತದವರೆಂಬ ಭೇದವಿಲ್ಲದೆ, ಮನೆ ಹೊಲ ಬಿಟ್ಟು ಮೇಲಕ್ಕೆ ಹೋಗಬೇಕಾಯಿತು.

ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಚರ್ಚು ಅರ್ಧ ಮುಳುಗಿ ನಿಲ್ಲುತ್ತದೆ. ನೋಡಲು ಬರುವವರು ಚಿತ್ರ ತೆಗೆದುಕೊಂಡು ಪಾಳುಬಿದ್ದ ಚರ್ಚು ಎಂದು ಹೇಳಿ ಹೋಗುತ್ತಾರೆ. ಕನ್ನಡದ ಪ್ರಾಟೆಸ್ಟೆಂಟರು ಚರ್ಚಿಗೆ ಬಳಸುವ ಮಾತು ‘ಸಭೆ’. ಬೈಬಲ್ಲಿನ ಗ್ರೀಕ್ ಮೂಲದ ಮಾತಿಗೂ ಅದೇ ಅರ್ಥ: ಕೂಡಿದ ಜನ. ಆ ಅರ್ಥದಲ್ಲಿ ಮುಳುಗಿದ್ದು ಕಲ್ಲು ಗಾರೆ ಮಾತ್ರ. ಸಭೆ ಹೊಸ ಊರುಗಳಿಗೆ ನಡೆದುಹೋಯಿತು.

ಕೂಡಿದ ಜನರ ವರ್ಷ ಹೇಗಿರುತ್ತದೆ? ಭಾನುವಾರ ಪೂಜೆ. ಸಂಜೆ ಮನೆಮಂದಿ ಕೂತು ಜಪಸರ. ಈಸ್ಟರಿಗೆ ಮುಂಚೆ ನಲವತ್ತು ದಿನಗಳ ತಪಸ್ಸುಕಾಲ. ಆಗ ಉಪವಾಸ, ದಾನ, ಮಾಂಸ ಬಿಡುವುದು. ಶುಭ ಶುಕ್ರವಾರದಂದು ಶಿಲುಬೆಯ ಹಾದಿ. ಕಥೋಲಿಕರಲ್ಲಿ ಪಾಪನಿವೇದನೆ ಎಂಬುದೊಂದಿದೆ: ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ ನಕಲು ಮಾಡಿದ್ದನ್ನು ಅಪ್ಪನಿಗೆ ಹೇಳುವುದೆಷ್ಟು ಕಷ್ಟವೆಂದು ತಿಳಿದ ವಿದ್ಯಾರ್ಥಿಗೆ ಇದರ ಕಷ್ಟ ಅರ್ಥವಾದೀತು.

ಎಲ್ಲಕ್ಕಿಂತ ಕಠಿಣವಾದದ್ದು ಕ್ಷಮೆ. ಹಗೆಯವನನ್ನು ಪ್ರೀತಿಸಬೇಕೆಂದು ಯೇಸು ಹೇಳಿದನು. ಬಾಯಿಪಾಠ ಮಾಡಲು ಸುಲಭ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಆಸ್ಟ್ರೇಲಿಯಾದ ಮಿಷನರಿಯನ್ನೂ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ಮಲಗಿದ್ದ ವಾಹನದಲ್ಲೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಅಷ್ಟಕ್ಕೇ ನಿಲ್ಲದೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಕಾನೂನು ಅಪರಾಧಿಗಳನ್ನು ಶಿಕ್ಷಿಸಿತು; ಅದು ಕಾನೂನಿನ ಕೆಲಸ. ಕ್ಷಮಿಸಿದ್ದು ಆ ತಾಯಿಯ ಕೆಲಸ. ಕ್ರೈಸ್ತಳಾಗಿ ಬಾಳುವುದೆಂದರೆ ಏನೆಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಎಲ್ಲ ಕ್ರೈಸ್ತರೂ ಹೀಗೆಯೇ ಬಾಳುತ್ತಾರೆಂದಲ್ಲ. ಜಾತಿಯನ್ನು ಬಾಗಿಲ ಹೊರಗೆ ಬಿಡಬೇಕಾದ ಸಭೆಯೊಳಗೂ ಜಾತಿ ಕಾಲಿಟ್ಟಿದೆ. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಕೂರಲು ಬೇರೆ ಜಾಗ, ಹೂಳಲು ಬೇರೆ ಸ್ಮಶಾನ ಇದ್ದದ್ದುಂಟು. ಇದನ್ನು ಪಾಪವೆಂದು ಸಭೆಯ ಹಿರಿಯರೇ ಹೇಳಿದ್ದಾರೆ. ಹೇಳಿದಷ್ಟು ಬೇಗ ಅದು ಹೋಗಿಲ್ಲ.

ಮನೆಯಲ್ಲಿ ಮಾತು ಎದ್ದಾಗ

ಮತ ಬದಲಾದಾಗ ನೋವು ಮೊದಲು ತಟ್ಟುವುದು ಮನೆಗೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಬಳಿ ದೀಕ್ಷಾಸ್ನಾನ ಪಡೆದ. ಊರೆಲ್ಲ ಕದಡಿತು. ಆ ಹುಡುಗ ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದ. ತನ್ನ ನಂಬಿಕೆಗೆ ತಾನು ನಿಷ್ಠನಾಗಿದ್ದ ಎಂಬುದು ನಿಜ. ಹೆತ್ತ ಮನೆ ಮಗನನ್ನು ಕಳೆದುಕೊಂಡೆವೆಂದು ಅತ್ತದ್ದೂ ನಿಜ. ಇದರಲ್ಲಿ ಒಂದನ್ನು ಮಾತ್ರ ನೋಡಿದವನು ಅರ್ಧವನ್ನೇ ನೋಡಿದಂತೆ.

ಇಂದು ಇದಕ್ಕೆ ಕಾನೂನಿನ ಚೌಕಟ್ಟಿದೆ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬನಿಗೂ ಅಂತಃಕರಣದ ಸ್ವಾತಂತ್ರ್ಯವನ್ನು ಕೊಟ್ಟಿದೆ. ತನ್ನ ಮತವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ಸಿಗುವ ತಾತ್ಪರ್ಯ ಸರಳ: ನಂಬುವವನ ಮನಸ್ಸು ಅವನದು. ಎಳೆಯುವವನದೂ ಅಲ್ಲ, ತಡೆಯುವವನದೂ ಅಲ್ಲ.

ಬೆಲೆಯೂ ಇದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯವನೊಬ್ಬ ಕ್ರೈಸ್ತನಾದರೆ ಆ ಜಾತಿಗೆ ಸಲ್ಲುವ ಮೀಸಲಾತಿ ಅವನಿಗೆ ಸಿಗುವುದಿಲ್ಲ. ಹೊಸ ಮತಕ್ಕೆ ಹೋದರೂ ಊರು ಅವನನ್ನು ಹಳೆಯ ಜಾತಿಯ ಹೆಸರಿನಿಂದಲೇ ಕರೆಯುತ್ತದೆ. ಸವಲತ್ತು ಮಾತ್ರ ಹೋಗುತ್ತದೆ. ಇದು ನ್ಯಾಯವೇ ಎಂಬ ವಾದ ದಶಕಗಳಿಂದ ನಡೆದುಬಂದಿದೆ. ಆಸೆಗೆ ಮತ ಬದಲಾಯಿಸಿದರು ಎಂದು ಸುಲಭವಾಗಿ ಹೇಳುವವರು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿದ್ಯಾರ್ಥಿಗಳು ತಿಳಿಯಬೇಕಾದ ಮಾತೊಂದಿದೆ. ಮತದ ವಿಚಾರ ಸ್ನೇಹಿತರ ಒತ್ತಾಯಕ್ಕೋ ಮನೆಯವರ ಮೇಲಿನ ಸಿಟ್ಟಿಗೋ ಒಂದು ಸಂಜೆಯಲ್ಲಿ ತೀರ್ಮಾನಿಸುವಂಥದಲ್ಲ. ಕ್ರೈಸ್ತ ಸಭೆಯೇ ತಿಂಗಳುಗಟ್ಟಲೆ ಕಾಯಿಸುವಾಗ, ಅವಸರಪಡಿಸುವವನನ್ನು ಕಂಡರೆ ಅನುಮಾನಪಡಬೇಕು. ಕದ್ದುಮುಚ್ಚಿ ಮಾಡು ಎನ್ನುವವನನ್ನು ಕಂಡರೆ ಇನ್ನೂ ಹೆಚ್ಚು ಅನುಮಾನಪಡಬೇಕು.

ತಂದೆತಾಯಿಗಳಿಗೂ ಒಂದು ಮಾತು. ಬೆಳೆದ ಮಗ ಅಥವಾ ಮಗಳು ಇಂಥ ಪ್ರಶ್ನೆ ಎತ್ತಿದರೆ ಬಾಗಿಲು ಹಾಕಬಾರದು. ಕೇಳಿ, ವಾದಿಸಿ, ಬೇಡವೆನ್ನಿಸಿದರೆ ಬೇಡವೆನ್ನಿ. ಊಟದ ತಟ್ಟೆಯನ್ನು ಮಾತ್ರ ಕಿತ್ತುಕೊಳ್ಳಬೇಡಿ. ವಿಷ್ಣುವರ್ಧನ ಮತ್ತು ಶಾಂತಲೆಯ ಮನೆ ಒಡೆಯಲಿಲ್ಲ. ಹಾಗೆಯೇ ಕ್ರೈಸ್ತ ಮನೆಯ ಹಿರಿಯರು ತಮ್ಮ ಮಕ್ಕಳು ಬೇರೆ ದಾರಿ ಹಿಡಿದಾಗಲೂ ಇದೇ ಸಹನೆಯನ್ನು ತೋರಬೇಕಾಗುತ್ತದೆ. ಈ ನಿಯಮ ಒಂದೇ ಕಡೆಗೆ ಓಡುವಂಥದಲ್ಲ.

ದುಬೊವಾ ಪ್ಯಾರಿಸ್ಸಿಗೆ ಮರಳಿ 1826ರಲ್ಲಿ ಪಂಚತಂತ್ರವನ್ನೂ ಪರಮಾರ್ಥ ಗುರುವಿನ ಕಥೆಯನ್ನೂ ಫ್ರೆಂಚಿಗೆ ತಂದರು. 1848ರಲ್ಲಿ ತೀರಿಕೊಂಡರು. ಮತ್ತೆ ಇಲ್ಲಿಗೆ ಬರಲಿಲ್ಲ. ಅವರು ಕೈಹಾಕಿದ ಸಿಡುಬಿನ ಕೆಲಸವನ್ನು ಮುಂದಿನ ಒಂದೂವರೆ ಶತಮಾನದಲ್ಲಿ ಎಲ್ಲ ಮತದ, ಎಲ್ಲ ದೇಶದ ಜನ ಸೇರಿ ಮುಗಿಸಿದರು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಮನೆಯಲ್ಲಿ ಅಜ್ಜಿ ಇದ್ದರೆ ಅವರ ತೋಳಿನ ಮೇಲೆ ದೇವಿ ಹಾಕಿಸಿದ ಗುರುತು ಇದೆಯೇ ಎಂದು 
ಮಕ್ಕಳು ಕೇಳಿ ನೋಡಬಹುದು. ಹಾಕಿದವರು ಯಾವ ಮತದವರು ಎಂದು ಅಜ್ಜಿಗೆ ನೆನಪಿರಲಾರದು. ಕೇಳಬೇಕೆಂದು ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ.